ಒಂದು ಗೇಣು ದೂರ

ನಮ್ಮೂರಿನ ವಿಮಾನ ನಿಲ್ದಾಣದಿಂದ ಆಚೆಯೂರಿನ ವಿಮಾನ ನಿಲ್ದಾಣಕ್ಕೆ ನಾಲ್ಕೂವರೆ ಗಳಿಗೆಯ ದಾರಿ. ಈಗ ಇದನ್ನು ಯಾರು ಬೇಕಾದರೂ ಗಟ್ಟಿಯಾಗಿ ಹೇಳಬಹುದು. ಹನ್ನೆರಡು ವರ್ಷ ಹೇಳುವಂತಿರಲಿಲ್ಲ.

ಎರಡೂ ಊರುಗಳ ನಡುವೆ ಇರುವುದು ಉಪ್ಪಿನ ಬಯಲು. ಕೆಳಗೂ ಬಿಳಿ, ಮೇಲೂ ಬಿಳಿ. ಮರವಿಲ್ಲ, ಹೊಳೆಯಿಲ್ಲ, ಗುರುತು ಹಿಡಿಯಲು ಒಂದು ಕಲ್ಲೂ ಇಲ್ಲ. ಮೇಲಿನ ಪದರ ಹಪ್ಪಳದಷ್ಟು ತೆಳು, ಅದರಡಿ ತಳವಿಲ್ಲದ ಕೆಸರು. ಬಿದ್ದದ್ದನ್ನು ಬಯಲು ನುಂಗುತ್ತದೆ, ವಾಪಸು ಕೊಡುವುದಿಲ್ಲ. ಹಿಂದಿನ ಕಾಲದಲ್ಲಿ ಕಣ್ಣು ನಂಬಿ ಹಾರಿದವರು ಆಕಾಶ ಯಾವುದು ನೆಲ ಯಾವುದು ಎಂದು ತಿಳಿಯದೆ ಆ ಬಿಳುಪಿನೊಳಗೇ ಹೋಗಿಬಿಟ್ಟರು. ಅದಕ್ಕೇ ನಮ್ಮ ಕಡೆಯ ವಿಮಾನಗಳ ಗಾಜಿಗೆಲ್ಲ ಕಪ್ಪು ಬಳಿದಿದೆ. ಹಾರಿಸುವವನ ಮುಂದಿನ ಗಾಜಿಗೂ ಕಪ್ಪು. ಅವನು ಹೊರಗೆ ನೋಡುವುದಿಲ್ಲ. ಹುರಿ ನೋಡುತ್ತಾನೆ.

ಹುರಿ ಎಂದರೆ ಹತ್ತಿಯ ಹುರಿ. ಅದನ್ನು ಹೊಸೆಯುವ ಮನೆತನ ಒಂದೇ. ಹೊಸ ದಾರಿ ಅಳೆಯುವಾಗ ಆ ಮನೆಯ ಹೆಂಗಸು ವಿಮಾನದಲ್ಲಿ ಕೂತು, ಚಕ್ರ ನೆಲ ಬಿಟ್ಟ ಕ್ಷಣದಿಂದ ಎರಡು ಬೆರಳಲ್ಲಿ ಹತ್ತಿ ಹೊಸೆಯುತ್ತಾಳೆ. ಬೆರಳು ತಾನಾಗಿ ನಿಂತಲ್ಲಿ ಕೆಳಗೆ ಗಟ್ಟಿ ನೆಲವಿದೆ ಎಂದು ಅರ್ಥ. ಹೇಗೆ ಎಂದು ನನ್ನನ್ನು ಕೇಳಬೇಡಿ, ಅವಳಿಗೂ ಗೊತ್ತಿಲ್ಲ. ಗಳಿಗೆಗೆ ಒಂದು ಮೊಳ ಹುರಿಯಾಗುತ್ತದೆ. ಆ ಹುರಿ ಗಳಿಗೆಗೆ ಒಂದು ಮೊಳವೇ ಉರಿಯುತ್ತದೆ. ಬೇರೆ ಯಾರು ಹೊಸೆದರೂ ಹಾಗೆ ಉರಿಯುವುದಿಲ್ಲ. ವಿಮಾನ ಹೊರಟಾಗ ತುದಿಗೆ ಕಿಡಿ ಇಡಬೇಕು. ಒಂದೊಂದು ಮೊಳ ಉರಿದಾಗಲೂ ಹುರಿ ಕಾಯುವವರು ಕೂಗಿ ಹೇಳಬೇಕು. ಆ ಕೂಗು ಎರಡೂ ನಿಲ್ದಾಣಗಳ ಧ್ವನಿವರ್ಧಕದಲ್ಲಿ ಕೇಳಬೇಕು. ಹುರಿ ಆರಿದಾಗ ಇಳಿಸಬೇಕು. ಎಲ್ಲಿದ್ದರೂ ಇಳಿಸಬೇಕು. ಇದು ನಿಯಮ.

ನಾನು ಗೇಟಿನಲ್ಲಿ ಗಂಟುಮೂಟೆಗಳಿಗೆ ಚೀಟಿ ಕಟ್ಟುವವನು. ನಾನು ಹಾಕಿದ ಗಂಟು ಬಿಚ್ಚಿಕೊಂಡದ್ದಿಲ್ಲ, ನನಗಿರುವ ಹೆಮ್ಮೆ ಅದೊಂದೇ. ಈ ಕಥೆಯಲ್ಲೂ ನಾನು ಹಾಕಿದ ಒಂದು ಗಂಟಿದೆ. ಅದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಹೇಳುವಷ್ಟು ಜಾಣತನ ನನಗೆ ಈಗ ಬೇಡವಾಗಿದೆ.

ಹನ್ನೆರಡು ವರ್ಷದ ಹಿಂದೆ ಆಚೆಯೂರಿನ ದಾರಿ ಹೊಸದಾಗಿ ತೆರೆಯಿತು. ಹೊಸೆಯುವವಳು ಹೋಗಿ ಅಳೆದು ಬಂದಳು. ನಾಲ್ಕು ಮೊಳ, ಮೇಲೆ ಒಂದು ಗೇಣು. ಅಂದರೆ ನಾಲ್ಕೂವರೆ ಗಳಿಗೆ. ಆದರೆ ನಿಲ್ದಾಣದ ಯಜಮಾನ ಅಷ್ಟರಲ್ಲಿ ಊರೂರಿಗೆ ಹೇಳಿಕೊಂಡು ಬಂದಿದ್ದ: ನಾಲ್ಕೇ ನಾಲ್ಕು ಗಳಿಗೆ! ಕಮಾನಿನ ಮೇಲೆ ಬರೆಸಿದ್ದ. ಹಾಡು ಕಟ್ಟಿಸಿದ್ದ. ನಾಲ್ಕೂವರೆ ಎನ್ನುವುದು ಕಮಾನಿನಲ್ಲೂ ಹಿಡಿಯಲಿಲ್ಲ, ಹಾಡಿನಲ್ಲೂ ಕೂರಲಿಲ್ಲ.

ಮೊದಲ ಪ್ರಯಾಣಕ್ಕೆ ಮೂವತ್ತೊಂದು ಜನ ಹತ್ತಿ ಕೂತಿದ್ದರು. ಮೂವತ್ತೊಂದನೆಯವಳು ಹೊಸೆಯುವವಳ ಮಗಳು, ಏಳು ವರ್ಷದವಳು. ಅಳೆದು ಕೊಟ್ಟವಳಿಗೆ ಮರ್ಯಾದೆ ಎಂದು ಯಜಮಾನನೇ ಆ ಸೀಟು ಕೊಡಿಸಿದ್ದ. ಕಿಟಕಿಯ ಪಕ್ಕವೇ ಬೇಕು ಎಂದು ಹುಡುಗಿ ಹಟ ಮಾಡಿದ್ದಳು. ಕಪ್ಪು ಬಳಿದ ಕಿಟಕಿಯಲ್ಲಿ ಏನು ಕಾಣುತ್ತದೆ ಎಂದು ನಾವು ನಕ್ಕಿದ್ದೆವು.

ಮೆಟ್ಟಿಲ ಬುಡದಲ್ಲಿ ಸಮಾರಂಭ. ಕತ್ತರಿಸಲು ರೇಷ್ಮೆಯ ಪಟ್ಟಿ ತಂದಿದ್ದರು. ಯಜಮಾನ ಅದನ್ನು ಆಚೆ ಸರಿಸಿದ. "ದಾರಿ ತೆರೆಯೋದಕ್ಕೆ ದಾರಿಯ ಹುರಿಗಿಂತ ಮಂಗಳಕರವಾದ್ದು ಯಾವುದಿದೆ?" ಎಂದ. ಹುರಿಯನ್ನೇ ಅಡ್ಡ ಹಿಡಿಸಿ, ತುದಿಯಿಂದ ಸರಿಯಾಗಿ ಒಂದು ಗೇಣು ಒಳಗೆ ಕತ್ತರಿ ಇಟ್ಟ.

"ಬೇಡಿ ಸ್ವಾಮಿ! ಅದು ದೂರ! ಕತ್ತರಿಸಬೇಡಿ, ಅದು ದೂರ ಸ್ವಾಮಿ!" ಎಂದು ಹೊಸೆಯುವವಳು ಕೂಗಿದಳು.

ಓಲಗ ಜೋರಾಗಿತ್ತು. ಆದರೂ ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಶುಭ ಹೊತ್ತಿನಲ್ಲಿ ಇದೇನು ಅಪಶಕುನ ಎಂದು ನಾಲ್ಕು ಜನ ಅವಳನ್ನು ಹಿಡಿದುಕೊಂಡರು. ಕತ್ತರಿ ಆಡಿತು. ನಾವು ಚಪ್ಪಾಳೆ ತಟ್ಟಿದೆವು. ಯಜಮಾನ ಆ ಗೇಣು ಹುರಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ನನ್ನ ಕಡೆ ಕೈ ಚಾಚಿದ. ನಾನು ಕಟ್ಟಿದೆ. ಮೂರು ಸುತ್ತಿನ ಗಂಟು. "ಗಟ್ಟಿಯಾಗಿ ಹಾಕಪ್ಪ" ಎಂದ, ಗಟ್ಟಿಯಾಗಿ ಹಾಕಿದೆ. ಉಳಿದ ನಾಲ್ಕು ಮೊಳ ವಿಮಾನದೊಳಗೆ ಹೋಯಿತು, ಬಾಗಿಲು ಮುಚ್ಚಿತು. ಹೊಸೆಯುವವಳು ಕೈ ಬಿಡಿಸಿಕೊಂಡು ವಿಮಾನದ ಹಿಂದೆ ಓಡಿದಳು, ರನ್‌ವೇ ಮುಗಿಯುವವರೆಗೂ ಓಡಿದಳು.

ಒಂದು ಮೊಳ ಉರಿಯಿತು. ಎರಡು ಮೊಳ ಉರಿಯಿತು. ಮೂರು. ನಾಲ್ಕು. ಧ್ವನಿವರ್ಧಕ ಎಲ್ಲವನ್ನೂ ಹೇಳಿತು. "ಹುರಿ ಆರಿತು, ಇಳಿಸುತ್ತಿದ್ದೇವೆ" ಎಂದಿತು. ಆಮೇಲೆ ಒಂದು ಮಗುವಿನ ದನಿ ಕೇಳಿಸಿತು: "ಊರು ಬಂತಾ?" ಅಷ್ಟೇ. ಆಚೆಯೂರಿನಿಂದ 'ಇಳಿಯಿತು' ಎಂಬ ಮಾತು ಬರಲೇ ಇಲ್ಲ.

ಮರುದಿನ ಯಜಮಾನ ನಮ್ಮನ್ನೆಲ್ಲ ಸೇರಿಸಿದ. ತಾನು ಕತ್ತರಿಸಿದ್ದು ಮಿಕ್ಕ ತುದಿ, ಎಲ್ಲ ಹುರಿಗೂ ಮಿಕ್ಕ ತುದಿ ಇರುತ್ತದೆ ಎಂದ. ಹೊಸೆಯುವವಳು ತೂಕಡಿಸಿದ್ದಾಳೆ, ಹುರಿ ಸಡಿಲವಾಗಿ ಬೇಗ ಉರಿದುಹೋಗಿದೆ ಎಂದ. ಅದೇ ಅಳತೆಯ ಇನ್ನೊಂದು ಹುರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿಸಿ, ನೋಡಿ, ನಾಲ್ಕೇ ಮೊಳ ಎಂದ. ನಾವು ನೋಡಿದೆವು. ನಾಲ್ಕೇ ಇತ್ತು. ಅವನ ಮಣಿಕಟ್ಟನ್ನೂ ನೋಡಿದೆವು. ಆಮೇಲೆ ಗಾಜಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತೆವು.

ಅವಳಿಗೆ ಎರಡು ದಾರಿ ಕೊಟ್ಟರು. ಉಪ್ಪಿನ ಬಯಲಿಗೆ ನಡೆದುಹೋಗುವುದು, ಇಲ್ಲವೇ ಬದುಕಿರುವಷ್ಟು ಕಾಲ ಗೇಟಿನಲ್ಲಿ ನಿಂತು, ಹುರಿ ಮುಟ್ಟದೆ, ಒಳಹೋಗುವ ಒಬ್ಬೊಬ್ಬ ಪ್ರಯಾಣಿಕರಿಗೂ ಒಂದು ಮಾತು ಹೇಳುವುದು. ಅವಳು ಗೇಟನ್ನು ಆರಿಸಿಕೊಂಡಳು. ಎಂಥ ಜೀವದಾಸೆ ಎಂದು ನಾವು ಮೂಗು ಮುರಿದೆವು.

"ತಪ್ಪು ನನ್ನದು."

ಬೆಳಿಗ್ಗೆ ವಿಮಾನ, ಸಂಜೆ ವಿಮಾನ. ಹಾಸಿಗೆ ಸುರುಳಿ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು, ನಗುವವರು, ಆಕಳಿಸುವವರು. ಒಬ್ಬೊಬ್ಬರಿಗೂ ಅವಳು ತಲೆ ತಗ್ಗಿಸದೆ ಹೇಳುತ್ತಿದ್ದಳು. ತಪ್ಪು ನನ್ನದು. ತಪ್ಪು ನನ್ನದು. ಕೆಲವರು ಉಗಿದು ಹೋಗುತ್ತಿದ್ದರು. ಕೆಲವರು 'ಇರಲಿ ಬಿಡು' ಎಂದು ದೊಡ್ಡತನ ತೋರಿಸಿ ಹೋಗುತ್ತಿದ್ದರು. ಈ ಎರಡನೆಯವರನ್ನು ಅವಳು ಹೆಚ್ಚು ಹೊತ್ತು ನೋಡುತ್ತಿದ್ದಳು.

ವಿಮಾನ ನೆಲ ಬಿಟ್ಟ ಕೂಡಲೇ ಅವಳ ಎರಡು ಬೆರಳು ಆಡತೊಡಗುತ್ತಿದ್ದವು. ಹತ್ತಿಯಿಲ್ಲ, ಏನಿಲ್ಲ, ಬರಿಗೈ. ಗಾಳಿ ಹೊಸೆಯುತ್ತಾಳೆ ಎಂದು ನಾವು ನಗುತ್ತಿದ್ದೆವು. ಧ್ವನಿವರ್ಧಕ 'ಇಳಿಯಿತು' ಎಂದಾಗ ಬೆರಳು ನಿಲ್ಲುತ್ತಿತ್ತು. ಒಂದು ದಿನ ನನ್ನ ಕಡೆ ತಿರುಗಿ, "ಅಣ್ಣಾ, ಇವತ್ತೂ ನಾಲ್ಕೂವರೆ" ಎಂದಳು. ನಾನು ಕಿವಿ ಕೇಳದವನ ಹಾಗೆ ಚೀಟಿ ಕಟ್ಟುತ್ತ ಕೂತೆ.

ಅವಳು ಹೇಳಿದ್ದು ನಿಜ. ನಾಲ್ಕನೆಯ ಕೂಗಿನ ಮೇಲೂ ಅರ್ಧ ಗಳಿಗೆ ಹುರಿ ಉರಿಯುತ್ತಿದ್ದದ್ದು ಕಾಯುವವರಿಗೂ ಕೇಳುವ ನಮಗೂ ಗೊತ್ತಿತ್ತು. ಆ ದುರ್ದಿನದ ಮೇಲೆ ಒಂದು ವಿಮಾನವೂ ಬೀಳಲಿಲ್ಲ. ಯಾಕೆಂದರೆ ಹುರಿ ಕತ್ತರಿಸುವ ಕೆಲಸವನ್ನು ಯಜಮಾನ ತಾನೇ ವಹಿಸಿಕೊಂಡಿದ್ದ. ಅವಳು ಮೊದಲೇ ಹೊಸೆದಿಟ್ಟ ಹುರಿ ಉಗ್ರಾಣದ ತುಂಬ ಇತ್ತು. ಅವನು ಬಾಗಿಲು ಹಾಕಿಕೊಂಡು ಕತ್ತರಿಸಿ, ಸುರುಳಿ ಸುತ್ತಿ ಕಳಿಸುತ್ತಿದ್ದ. ಕಮಾನಿನ ಮೇಲೆ ನಾಲ್ಕು, ಪೆಟ್ಟಿಗೆಯಲ್ಲಿ ನಾಲ್ಕು, ಹಾಡಿನಲ್ಲಿ ನಾಲ್ಕು. ಸುರುಳಿಯಲ್ಲಿ ಮಾತ್ರ ನಾಲ್ಕೂವರೆ. ಅಂದರೆ ದಿನವೂ ಬೆಳಿಗ್ಗೆ ಅವನು ತನ್ನ ಕೈಯಾರೆ ಅವಳ ಮಾತು ನಿಜ ಎಂದು ಅಳೆದು ನೋಡುತ್ತಿದ್ದ, ಆಮೇಲೆ ಗೇಟಿಗೆ ಬಂದು ಅವಳು ತಪ್ಪು ತನ್ನದು ಎಂದು ಹೇಳುವುದನ್ನು ಕೇಳಿಸಿಕೊಂಡು ಹೋಗುತ್ತಿದ್ದ. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಒಬ್ಬರಿಗೂ ಹೇಳಲಿಲ್ಲ.

ಹನ್ನೆರಡನೆಯ ವರ್ಷ ಉಗ್ರಾಣ ಬರಿದಾಯಿತು. ಹೊಸೆಯುವ ಮನೆತನದಲ್ಲಿ ಉಳಿದಿದ್ದವಳು ಅವಳೊಬ್ಬಳೇ.

ಯಜಮಾನ ಗೇಟಿಗೆ ಬಂದ. ಹೊಸ ಶಾಲು, ಹೊಸ ರುಮಾಲು, ಮಣಿಕಟ್ಟಿನಲ್ಲಿ ಅದೇ ಹಳೆಯ ಹುರಿ.

"ಏನಮ್ಮಾ, ಚೆನ್ನಾಗಿದ್ದೀಯಾ?"

"ಇದ್ದೀನಿ ಸ್ವಾಮಿ."

"ಊರು ನಿನ್ನ ಕ್ಷಮಿಸೋ ಕಾಲ ಬಂತು. ನಾನೇ ಮುಂದೆ ನಿಂತು ಕ್ಷಮೆ ಕೊಡಿಸ್ತೀನಿ. ನೀನು ಮತ್ತೆ ಹುರಿ ಹೊಸಿ."

"ಎಷ್ಟು ಹೊಸೀಲಿ ಸ್ವಾಮಿ?"

ಅವನು ಸುತ್ತ ನೋಡಿದ. ನಾನಿದ್ದೆ, ಆದರೆ ಅವನ ಲೆಕ್ಕದಲ್ಲಿ ನಾನು ಅಲ್ಲಿದ್ದ ಮೂಟೆಗಳಲ್ಲಿ ಒಂದು. "ನಾಲ್ಕು ಮೊಳ. ಊರಿಗೆ ಗೊತ್ತಿರೋದು ಅದೇ. ಆದ್ರೆ ಸುರುಳಿ ಒಳಗಡೆ, ಯಾರಿಗೂ ಕಾಣದ ಹಾಗೆ, ಒಂದು ಗೇಣು ಜಾಸ್ತಿ ಇರಲಿ. ಈಗೀಗ ಎದುರುಗಾಳಿ ಜೋರು."

"ಯಾವತ್ತಿನಿಂದ ಸ್ವಾಮಿ, ಈ ಎದುರುಗಾಳಿ?"

"ಅದೆಲ್ಲ ನಿನಗ್ಯಾಕಮ್ಮ? ಹೇಳಿದಷ್ಟು ಮಾಡು."

ಆ ಹೊತ್ತಿನಲ್ಲಿ ವಿಮಾನ ಆಕಾಶದಲ್ಲಿತ್ತು, ಅವಳ ಬೆರಳು ಆಡುತ್ತಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅದು ನಡುವೆ ನಿಂತಿತು.

"ಆಯ್ತು ಸ್ವಾಮಿ," ಎಂದಳು. "ಆದ್ರೆ ನನ್ನ ಹುರಿ ಅಂದ್ರೆ ಜನ ಹತ್ತೋದಿಲ್ಲ. ಮೊದಲ ಸಲ ಯಾರೂ ಬೇಡ. ನಾನು ಹುರಿ ಕಾಯ್ತೀನಿ. ನನ್ನ ಜೊತೆ ನೀವು ಬನ್ನಿ. ನಿಮ್ಮನ್ನ ನೋಡಿ ಜನಕ್ಕೆ ಧೈರ್ಯ ಬರುತ್ತೆ."

ಯಜಮಾನನಿಗೆ ಆ ಮಾತು ಹಿಡಿಸಿತು. ದಾರಿ ತೆರೆದು ಹನ್ನೆರಡು ವರ್ಷವಾದದ್ದಕ್ಕೆ ಆಚೆಯೂರಿನವರು ಹೇಗೂ ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅವನು ಹೋದ ಮೇಲೆ ಅವಳು ಹಾರಿಸುವವನ ಹತ್ತಿರ ಹೋದಳು. ಮೊದಲ ದಿನ ಬಿದ್ದ ವಿಮಾನವನ್ನು ಹಾರಿಸಿದವನ ತಮ್ಮ ಅವನು. ತಾನು ಮಾಡಲಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಬೇಡವಾದರೆ ಬೇಡ ಅನ್ನು, ನಿನ್ನ ಜೀವದ ಮಾತು ಎಂದಳು.

"ಅಣ್ಣ ಕೂತಿದ್ದ ಜಾಗದಲ್ಲೇ ಕೂತಿದ್ದೀನಿ ಅಕ್ಕ," ಎಂದ. "ಆರಿತು ಅಂತ ನೀನು ಕೂಗಿದ್ರೆ ಇಳಿಸ್ತೀನಿ. ಎಲ್ಲಿದ್ದರೂ ಇಳಿಸ್ತೀನಿ."

ಹೊರಡುವ ದಿನ ಬೆಳಿಗ್ಗೆ ಊರೆಲ್ಲ ನಿಲ್ದಾಣದಲ್ಲಿತ್ತು. ಎಲ್ಲರ ಎದುರಿಗೆ ಹೊಸ ಹುರಿಯನ್ನು ಗಾಜಿನ ಪೆಟ್ಟಿಗೆಯ ಹುರಿಯ ಪಕ್ಕ ಹಿಡಿದರು. ನಾಲ್ಕು ಮೊಳ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾವು ಚಪ್ಪಾಳೆ ತಟ್ಟಿದೆವು, ಅದೊಂದು ನಮಗೆ ಚೆನ್ನಾಗಿ ಬರುತ್ತದೆ. ಮಿಕ್ಕ ಗೇಣನ್ನು ಎಷ್ಟು ನಾಜೂಕಾಗಿ ಬಚ್ಚಿಟ್ಟಿದ್ದಾಳೆ ಎಂದು ಯಜಮಾನ ಮನಸ್ಸಿನಲ್ಲೇ ಮೆಚ್ಚಿಕೊಂಡಿರಬೇಕು, ಅವನ ಮುಖ ಅರಳಿತ್ತು. ಮೂವರು ಹತ್ತಿದರು. ಬಾಗಿಲು ಮುಚ್ಚಿತು. ಮುಂದೆ ನಡೆದದ್ದರಲ್ಲಿ ಮಾತುಗಳನ್ನು ಎರಡೂ ಊರು ಧ್ವನಿವರ್ಧಕದಲ್ಲಿ ಕೇಳಿದವು. ಕಣ್ಣಿಗೆ ಕಂಡದ್ದನ್ನು ಹಾರಿಸುವವನು ಆಮೇಲೆ ಹೇಳಿದ.

"ಒಂದು ಮೊಳ ಉರಿಯಿತು."

ಯಜಮಾನ ಸನ್ಮಾನದ ಭಾಷಣ ಬಾಯಿಪಾಠ ಮಾಡುತ್ತಿದ್ದ.

"ಎರಡು ಮೊಳ ಉರಿಯಿತು."

ಅವನು ಎಲೆಯಡಿಕೆ ಹಾಕಿಕೊಂಡ.

"ಮೂರು ಮೊಳ ಉರಿಯಿತು."

ಅವನ ಕಣ್ಣು ಸುರುಳಿಯ ಮೇಲೆ ಬಿತ್ತು. ಸುರುಳಿ ತೀರ ಸಣ್ಣದಾಗಿತ್ತು. ಅವನು ಹತ್ತಿರ ಬಂದು ಬಗ್ಗಿ ನೋಡಿದ, ಹಿಂದಕ್ಕೆ ತಿರುಗಿಸಿ ನೋಡಿದ.

"ಮಿಕ್ಕದ್ದೆಲ್ಲಮ್ಮ?"

"ಯಾವುದು ಸ್ವಾಮಿ?"

"ಗೇಣು! ಜಾಸ್ತಿ ಗೇಣು!"

"ದಾರಿ ನಾಲ್ಕೇ ಗಳಿಗೆ ಅಲ್ವಾ ಸ್ವಾಮಿ? ಕಮಾನಿನ ಮೇಲೆ ಬರೆಸಿದ್ದೀರಲ್ಲ."

ನಿಲ್ದಾಣದಲ್ಲಿ ನಿಂತಿದ್ದ ನಮಗೆ ಆಗ ಯಾರ ಮುಖವೂ ನೋಡಬೇಡ ಅನ್ನಿಸಿತು. ಎಲ್ಲರೂ ನೆಲ ನೋಡಿದೆವು. ಅವನು ಹಾರಿಸುವವನ ಕಡೆ ಓಡಿದ್ದು ಕೇಳಿಸಿತು. "ಹುರಿ ಆರಿದ್ರೂ ಇಳಿಸಬೇಡ ಕಣೋ! ಇನ್ನೂ ಅರ್ಧ ಗಳಿಗೆ ಹೋಗಬೇಕು!"

"ಯಾವ ಅರ್ಧ ಗಳಿಗೆ ಸ್ವಾಮಿ?" ಎಂದ ಹಾರಿಸುವವನು. "ನಮ್ಮಣ್ಣನಿಗೆ ಯಾರೂ ಹೇಳಲಿಲ್ಲವಲ್ಲ."

ಯಜಮಾನ ಉಗುರಿನಿಂದ ಕಿಟಕಿಯ ಕಪ್ಪು ಕೆರೆದ. ಕಾಸಿನಗಲ ಬಿಡಿಸಿಕೊಂಡು ಹೊರಗೆ ನೋಡಿದ. ಕೆಳಗೂ ಬಿಳಿ, ಮೇಲೂ ಬಿಳಿ. ತಿರುಗಿ ಬಂದು ಅವಳ ಎದುರು ನಿಂತ. ನಾಲ್ಕು ಬೆರಳಗಲ ಹುರಿ ಉಳಿದಿತ್ತು.

"ಹೊಸಿ! ಈಗಲೇ ಹೊಸಿ! ಹತ್ತಿ ಇದೆಯಲ್ಲ ಮಡಿಲಲ್ಲಿ!"

"ನಾನು ಹುರಿ ಮುಟ್ಟಬಾರದು ಅಂದ್ರಿ, ಹನ್ನೆರಡು ವರ್ಷ ಮುಟ್ಟಲಿಲ್ಲ. ಇವತ್ತು ನಾಲ್ಕು ಮೊಳ ಅಂದ್ರಿ, ನಾಲ್ಕು ಮೊಳ ಹೊಸೆದೆ. ಮಿಕ್ಕ ಗೇಣು ನಿಮ್ಮ ಹತ್ತಿರಾನೇ ಇದೆ ಸ್ವಾಮಿ. ಹೊರಟಾಗಿನಿಂದ ಅದನ್ನೇ ನೋಡ್ತಾ ಕೂತಿದ್ದೀನಿ. ಕೈ ಕೊಡಿ."

ಅವನು ತನ್ನ ಮಣಿಕಟ್ಟು ನೋಡಿಕೊಂಡ. ಹಾರಿಸುವವನು ಹೇಳುವಂತೆ, ಆ ಹುರಿ ಅಲ್ಲಿರುವುದು ಅವನಿಗೇ ಮರೆತಂತಿತ್ತು. ಒಂದು ಕೈಯಿಂದ ಬಿಚ್ಚಲು ನೋಡಿದ. ಬರಲಿಲ್ಲ. ನಾನು ಹಾಕಿದ ಗಂಟು, ಹನ್ನೆರಡು ವರ್ಷದ ಬೆವರು ಕುಡಿದು ಕಲ್ಲಾಗಿತ್ತು. ಅವಳು ಬಿಚ್ಚಿಕೊಡಲಿಲ್ಲ. ಅವನು ಹಲ್ಲು ಹಾಕಿದ. ನಾಯಿ ಮೂಳೆ ಕಚ್ಚುವ ಹಾಗೆ ಕಚ್ಚಿ ಎಳೆದ, ಒಸಡಿನಿಂದ ರಕ್ತ ಬಂತು. ಹುರಿ ಕಿತ್ತು ಬಂತು, ಗಂಟಿನ ಭಾಗ ಹರಿದು ಹಲ್ಲಿನಲ್ಲೇ ಉಳಿಯಿತು.

"ನಾಲ್ಕು ಮೊಳ ಉರಿಯಿತು," ಎಂದು ಅವಳು ಕೂಗಿ, ಆರುತ್ತಿದ್ದ ತುದಿಗೆ ಅದನ್ನು ಸೇರಿಸಿದಳು. ಹಳೆಯ ಹುರಿ ಒಂದು ಕ್ಷಣ ಹೊಗೆಯಾಡಿತು. ಆಮೇಲೆ ಹತ್ತಿಕೊಂಡಿತು. ಯಜಮಾನ ಶಾಲಿನಿಂದ ಬಾಯಿಯ ರಕ್ತ ಒರೆಸಿಕೊಂಡ.

"ಇನ್ನೂ ಮುಗಿದಿಲ್ಲ ಸ್ವಾಮಿ. ಗಂಟು ಹರಿದು ಎರಡು ಬೆರಳಷ್ಟು ಕಮ್ಮಿ ಬಿತ್ತು. ಅದನ್ನ ನಾನು ಹೊಸೆದು ಕೊಡಬೇಕು." ಅವಳು ಎರಡು ಬೆರಳ ನಡುವೆ ಹತ್ತಿ ಹಿಡಿದಳು. ಬೆರಳು ಆಡಿಸಲಿಲ್ಲ. "ಅವತ್ತು ಹೋದವರ ಹೆಸರು ಹೇಳಿ."

ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ.

"ನಾನು ಹೇಳಿಕೊಡ್ತೀನಿ. ನನ್ನ ಹಿಂದೆ ಹೇಳಿ. ಒಂದೊಂದು ಹೆಸರಿಗೂ ಒಂದು ಸಲ, ನಾನು ಹೇಳ್ತಿದ್ದ ಮಾತು ಹೇಳಿ."

ಅವಳು ಒಂದು ಹೆಸರು ಹೇಳಿದಳು. ಅವನು ಹೇಳಿದ. "ತಪ್ಪು ನನ್ನದು" ಎಂದ. ಇನ್ನೊಂದು ಹೆಸರು. ತಪ್ಪು ನನ್ನದು. ಹುರಿ ಉರಿಯುತ್ತಿತ್ತು. ಎರಡೂ ಊರು ಕೇಳುತ್ತಿದ್ದವು. ಒಂದೊಂದು ಹೆಸರು ಬಂದಾಗಲೂ ನಮ್ಮ ಗುಂಪಿನಲ್ಲಿ ಎಲ್ಲೋ ಒಬ್ಬರು ನೆಲಕ್ಕೆ ಕೂರುತ್ತಿದ್ದರು. ಯಾರದೋ ಗಂಡ, ಯಾರದೋ ತಾಯಿ, ಯಾರದೋ ಬಸುರಿ ತಂಗಿ. ಅದುವರೆಗೆ ಅವರೆಲ್ಲ ನಮ್ಮ ಬಾಯಲ್ಲಿ ಮೂವತ್ತೊಂದು ಎಂಬ ಒಂದೇ ಮಾತಾಗಿದ್ದರು. ಹತ್ತಾಯಿತು, ಇಪ್ಪತ್ತಾಯಿತು. ಅವನ ದನಿ ಒಡೆಯಿತು. ಅವಳದು ಒಡೆಯಲಿಲ್ಲ. ಕೆಳಗೆ ಆ ಬಯಲು, ಅವಳ ಮಗಳು ದಾಟದೆ ಉಳಿದ ಆ ಒಂದು ಗೇಣು, ಹೆಸರು ಹೆಸರಾಗಿ ಹಿಂದಕ್ಕೆ ಸರಿಯುತ್ತಿತ್ತು.

ಮೂವತ್ತು ಮುಗಿದಾಗ ಬೆಂಕಿ ಹುರಿಯ ಕೊನೆಗೆ ಬಂದಿತ್ತು.

"ಚೆನ್ನಾಜಿ," ಎಂದಳು.

"ಚೆನ್ನಾಜಿ," ಎಂದ ಅವನು. "ತಪ್ಪು ನನ್ನದು. ತಾಯಿ, ಹೊಸಿ. ನಿನ್ನ ಕಾಲಿಗೆ ಬೀಳ್ತೀನಿ, ಹೊಸಿ."

ಅವಳು ಹೊಸೆಯಲಿಲ್ಲ. ಕಿಡಿ ಕೊನೆಯ ಎಳೆಗೆ ಬರುವವರೆಗೂ ಅವನ ಮುಖ ನೋಡುತ್ತ ಕೂತಳು. ಹಾರಿಸುವವನೂ ಆಗ ಕಣ್ಣು ಮುಚ್ಚಿಕೊಂಡನಂತೆ. ನಿಲ್ದಾಣದಲ್ಲಿ ನಾವು ಧ್ವನಿವರ್ಧಕದ ಕೆಳಗೆ ಒತ್ತಿಕೊಂಡು ನಿಂತೆವು. ಇಳಿಸಿಬಿಡುತ್ತಾಳೆ ಎಂದುಕೊಂಡೆ. ನಿಜ ಹೇಳುತ್ತೇನೆ, ಇಳಿಸಿಬಿಡಲಿ ಎಂದೂ ಅಂದುಕೊಂಡೆ. ಅವನು ಹೋದರೆ ಆ ಗಂಟಿನ ವಿಷಯವೂ ಅವನ ಜೊತೆಗೇ ಹೋಗುತ್ತಿತ್ತು.

ಆಮೇಲೆ ಅವಳ ಬೆರಳು ಆಡಿತು. ಎರಡು ಬೆರಳಷ್ಟು ಹುರಿ.

ಧ್ವನಿವರ್ಧಕ ಹೇಳಿತು: "ಇಳಿಯಿತು."

ಸಂಜೆ ವಿಮಾನ ವಾಪಸು ಬಂತು. ಇಳಿದವರು ಇಬ್ಬರೇ. ಆಚೆಯೂರಿನವರು ಸನ್ಮಾನದ ಹಾರಗಳನ್ನು ದನಗಳಿಗೆ ಹಾಕಿದರಂತೆ. ಯಜಮಾನ ಮೆಟ್ಟಿಲವರೆಗೂ ಬಂದು ಬೇಡಿಕೊಂಡ. ಅವಳು ಒಂದೇ ಮಾತು ಹೇಳಿದಳು: "ನಿಮಗೆ ನಾನು ಹೊಸೆಯಲ್ಲ." ಅವಳು ಹೊಸೆಯದಿದ್ದರೆ ಇನ್ನು ಯಾರು ಹೊಸೆಯುತ್ತಾರೆ? ಅವನು ಇವತ್ತಿಗೂ ಆ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾನೆ. ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿಯ ಪಟ್ಟಿ. ಅದನ್ನು ತಿಕ್ಕುತ್ತ, ನಮ್ಮ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ, ನಮ್ಮೂರಿಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳುತ್ತಾನಂತೆ. ನಾಲ್ಕೂವರೆ ಗಳಿಗೆ ಎಂದು ಹೇಳಿ ಹೋಗುತ್ತಾರೆ. ಅವನ ಪಾಲಿಗೆ ಆ ದಾರಿ ಅಳೆದವರಿಲ್ಲ.

ಅವತ್ತು ಸಂಜೆ ನಾವು ಗಾಜಿನ ಪೆಟ್ಟಿಗೆ ಒಡೆದು ಹಾಕಿ, ಕಮಾನು ಕೆಡವಿ, ಹೂವು ಹಣ್ಣಿನ ತಟ್ಟೆ ಹಿಡಿದು ಕಾಯುತ್ತಿದ್ದೆವು. ಅವಳು ಇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗಿದೆವು: "ತಪ್ಪು ನಮ್ಮದು ತಾಯಿ! ಕ್ಷಮಿಸು!" ಇಷ್ಟು ಜನ ಒಟ್ಟಿಗೆ ಹೇಳಿದರೆ ಎಷ್ಟು ಹಗುರ, ಬಾಯಿಯಿಂದ ಸಲೀಸಾಗಿ ಬಂತು.

ಅವಳು ತಟ್ಟೆಗಳನ್ನು ಮುಟ್ಟಲಿಲ್ಲ. ಗೇಟಿಗೆ ನಡೆದು, ಹನ್ನೆರಡು ವರ್ಷ ನಿಂತ ಜಾಗದಲ್ಲಿ ಕೂತಳು. ಮಡಿಲಲ್ಲಿ ಹತ್ತಿ ಹರಡಿಕೊಂಡಳು.

"ಒಬ್ಬೊಬ್ಬರೇ ಬನ್ನಿ," ಎಂದಳು.

ಅದೇ ಈಗ ನಮ್ಮೂರಿನ ನಿಯಮ. ಯಾರೇ ಹೊರಡಲಿ, ಅವಳ ಮುಂದೆ ನಿಂತು, ಅವಳ ಕಣ್ಣು ನೋಡಿ ಹೇಳಬೇಕು: ತಪ್ಪು ನನ್ನದು. ಗೊಣಗಿದರೆ ಮತ್ತೊಮ್ಮೆ ಹೇಳಿಸುತ್ತಾಳೆ. ಆಗ ಹುಟ್ಟಿಯೇ ಇರದವರು ನಾವೇನು ಮಾಡಿದೆವು ಎಂದರೆ, ನಿಮ್ಮಪ್ಪನನ್ನು ಕೇಳಿ ಬನ್ನಿ ಎನ್ನುತ್ತಾಳೆ. ಎಲ್ಲರೂ ಹೇಳುವವರೆಗೆ ಹುರಿಗೆ ಕಿಡಿ ಇಲ್ಲ.

ನಾನು ಎಲ್ಲಿಗೂ ಹಾರುವವನಲ್ಲ. ನನಗೆ ಈ ಕಟ್ಟು ಇಲ್ಲ ಎಂದುಕೊಂಡು ಮೊದಲ ದಿನ ತಲೆ ಬಗ್ಗಿಸಿ ಚೀಟಿ ಕಟ್ಟುತ್ತಿದ್ದೆ. ಅವಳು ಬಂದು ಎದುರು ನಿಂತಳು. ನನ್ನ ಎರಡೂ ಕೈ ಎತ್ತಿ, ತಿರುಗಿಸಿ, ಬೆರಳುಗಳನ್ನು ನೋಡಿದಳು.

"ಗಂಟು ಚೆನ್ನಾಗಿ ಹಾಕ್ತೀಯ ಅಣ್ಣ," ಎಂದಳು. "ನನ್ನ ಕೂಗು ಕೇಳಿಸಿತ್ತಾ ಅವತ್ತು?"

"ಕೇಳಿಸಿತ್ತು," ಎಂದೆ.

ಅಂದಿನಿಂದ ನಾನು ದಿನಕ್ಕೆ ಎರಡು ಸಲ ಹೇಳುತ್ತೇನೆ, ಬೆಳಗಿನ ವಿಮಾನಕ್ಕೊಂದು, ಸಂಜೆಯದಕ್ಕೊಂದು. ಅವಳು ಹೊಸೆಯುತ್ತ ಕೇಳಿಸಿಕೊಳ್ಳುತ್ತಾಳೆ. ನಮ್ಮೂರಿನ ಜೀವವೆಲ್ಲ ಆ ಎರಡು ಬೆರಳ ನಡುವೆ ಇದೆ, ಅದು ಅವಳಿಗೂ ಗೊತ್ತು, ನಮಗೂ ಗೊತ್ತು. ಒಂದು ದಿನವೂ ಅವಳು ಕೂದಲೆಳೆಯಷ್ಟು ಕಡಿಮೆ ಹೊಸೆದಿಲ್ಲ. ಒಂದು ದಿನವೂ 'ಆಯಿತು ಬಿಡಿ' ಎಂದಿಲ್ಲ.